ತುಮಕೂರಿನ ಕಾರ್ಡ್ ಡಬ್ಬಿ: 8 ತಿಂಗಳು ಬಳಸಿದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಆಪ್ ಅಲ್ಲ. ತುಮಕೂರಲ್ಲಿ ಬಿ.ಎಚ್. ರೋಡಿಂದ ಒಳಗಡೆ ಒಂದು ಅಡ್ಡರಸ್ತೇಲಿರೋ ಜೆರಾಕ್ಸ್ ಮತ್ತೆ ಪ್ರಿಂಟಿಂಗ್ ಅಂಗಡೀಲಿ ಮಾಡಿಕೊಡೋ ರಟ್ಟಿನ ಡಬ್ಬಿ ಇದು. ಒಳಗೆ ಒಂದಷ್ಟು ಕಾರ್ಡು, ಎರಡು ಮ್ಯಾಗ್ನೆಟ್ ಕ್ಲಿಪ್ಪು, ಒಂದು ಪೆನ್ಸಿಲ್ಲು, ಅಂಟಿಸಿರೋ ಒಂದು ಲಕೋಟೆ. ಬೆಲೆ 350 ರೂಪಾಯಿ. ಎಡಿಎಚ್‌ಡಿ, ಅಂದ್ರೆ ಗಮನ ಒಂದ್ಕಡೆ ನಿಲ್ಲದೇ ಇರೋದು, ಚಡಪಡಿಕೆ, ಆತುರ, ಇಂಥ ತೊಂದರೆ ಇರೋರಿಗೆ ದಿನದ ಕೆಲಸ ಹಿಡಿದು ಮುಗಿಸೋಕೆ ಸಹಾಯ ಆಗ್ಲಿ ಅಂತ ಮಾಡಿರೋದು. ಇದಕ್ಕೆ ಹೆಸರಿಲ್ಲ, ಮಾಡೋ ಹುಡುಗಿ ಇನ್ನೂ ಹೆಸರಿಟ್ಟಿಲ್ಲ, ತಗೊಂಡೋರೆಲ್ಲ ಡಬ್ಬಿ ಅಂತಾನೇ ಅನ್ನೋದು. ಅಂಗಡಿ ಹೆಸರು ಎಲ್ಲೂ ಹಾಕ್ಬೇಡಿ ಅಕ್ಕ, ಒಂದೇ ಸಲ ಆರ್ಡರ್ ಬಂದ್ಬಿಟ್ರೆ ನನ್ ಕೈಲಿ ಆಗಲ್ಲ ಅಂತ ಕೇಳ್ಕೊಂಡಿದ್ದಾಳೆ, ಅದಕ್ಕೆ ಹಾಕ್ತಿಲ್ಲ.

ನಾನು ಯಾರು, ನನಗ್ಯಾಕೆ ಇದು ಬೇಕಾಯ್ತು ಅಂತ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ರಿವ್ಯೂ ಅರ್ಥ ಆಗಲ್ಲ. ನಾನು ಮನೆಯಿಂದಾನೇ ಅಕೌಂಟ್ಸ್ ಕೆಲಸ ಮಾಡ್ತೀನಿ, ಮಂಡಿಪೇಟೆ, ಹೊರಪೇಟೆ ಕಡೆ 23 ಅಂಗಡಿಗಳ ಜಿಎಸ್‌ಟಿ ನಾನೇ ನೋಡ್ಕೊಳ್ಳೋದು. ತಿಂಗಳ 11ಕ್ಕೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ಕ್ಕೆ ಟ್ಯಾಕ್ಸ್ ಕಟ್ಟೋ 3ಬಿ ರಿಟರ್ನ್. 3ಬಿ ಲೇಟಾದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ನಿಲ್ ರಿಟರ್ನ್ ಆದ್ರೆ 20. ಈ ಲೇಟ್ ಫೀ ಎಷ್ಟೋ ಸಲ ನಾನೇ ಕೈಯಿಂದ ಕಟ್ಟಿದ್ದೀನಿ, ಯಾಕಂದ್ರೆ ಅಂಗಡಿಯೋರು ಬಿಲ್ಲೆಲ್ಲ 5ನೇ ತಾರೀಖಿಗೇ ಕಳಿಸಿರ್ತಿದ್ರು, ನಾನು ಶುರುನೇ ಮಾಡಿರ್ತಿರ್ಲಿಲ್ಲ. ಮಾಡಕ್ಕೆ ಬರಲ್ಲ ಅಂತಲ್ಲ, ಕೂತ್ರೆ ಒಂದು ಅಂಗಡಿದು 40 ನಿಮಿಷದ ಕೆಲಸ. ಆ ಕೂರೋದೇ ಆಗ್ತಿರ್ಲಿಲ್ಲ. ಲ್ಯಾಪ್‌ಟಾಪ್ ಕಣ್ಮುಂದೇನೇ ಇರುತ್ತೆ, ಮಾಡ್ಬೇಕು ಅಂತ ಬೆಳಗ್ಗೆಯಿಂದ ಎದೆ ಮೇಲೆ ಕಲ್ಲಿಟ್ಟಂಗೆ ಇರುತ್ತೆ, ಆದ್ರೂ ಕೈ ಮುಂದಕ್ಕೆ ಹೋಗಲ್ಲ, ಕೊನೆಗೆ 20ನೇ ತಾರೀಖು ರಾತ್ರಿ ಎಂಟು ಗಂಟೆಗೆ ಕೂತು ಆದಷ್ಟನ್ನ ಒಂದೇ ಉಸಿರಲ್ಲಿ ಮುಗಿಸಿ, ಮಾರನೇ ದಿನ ಪೂರ್ತಿ ಜ್ವರ ಬಂದೋರ ತರ ಮಲಗೋದು.

ಚಿಕ್ಕೋಳಿಂದ ಕೇಳಿದ್ದು ಒಂದೇ ಮಾತು, ಬುದ್ಧಿ ಇದೆ, ಆದ್ರೆ ಮೈಗಳ್ಳಿ. 36ನೇ ವಯಸ್ಸಲ್ಲಿ ಬೆಂಗಳೂರಲ್ಲಿ ಒಬ್ರು ಸೈಕಿಯಾಟ್ರಿಸ್ಟ್ ಎರಡು ಮೂರು ಸಲ ಕೂರಿಸ್ಕೊಂಡು ಕೇಳಿ, ನಮ್ಮಮ್ಮನ ಹತ್ರಾನೂ ಫೋನಲ್ಲಿ ಮಾತಾಡಿ, ಇದು ಎಡಿಎಚ್‌ಡಿ ಅಂದ್ರು. ಅಮ್ಮನ್ನ ಯಾಕೆ ಕೇಳಿದ್ರು ಅಂದ್ರೆ 12 ವರ್ಷಕ್ಕೆ ಮುಂಚೇನೂ ಲಕ್ಷಣಗಳು ಇದ್ವಾ ಅಂತ ನೋಡ್ಬೇಕಂತೆ. ಮಾನಸಿಕ ಕಾಯಿಲೆ ಗುರುತಿಸೋಕೆ ಡಾಕ್ಟರ್‌ಗಳು ನೋಡೋ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5 ಪ್ರಕಾರ ಹಂಗೆ, ಅದಕ್ಕೆ ಮುಂಚೆ ಅದು 7 ವರ್ಷ ಅಂತಿತ್ತು. ಅಮ್ಮ ಹೇಳಿದ್ದು, ಕ್ಲಾಸಲ್ಲಿ ಗಲಾಟೆ ಏನಿಲ್ಲ ಡಾಕ್ಟ್ರೇ, ಕಿಟಕಿ ಹೊರಗೆ ನೋಡ್ಕೊಂಡು ಕೂತ್ಬಿಡೋಳು, ಟಿಫನ್ ಬಾಕ್ಸ್ ವಾರಕ್ಕೊಂದು ಕಳ್ಕೊಂಡು ಬರೋಳು ಅಂತ. ಹೆಣ್ಮಕ್ಕಳಲ್ಲಿ ಎಷ್ಟೋ ಸಲ ಹಿಂಗೇ ತಪ್ಪಿಹೋಗುತ್ತೆ, ಓಡಾಡೋ, ಕಿರುಚೋ ಮಗು ಎಲ್ಲರ ಕಣ್ಣಿಗೆ ಬೀಳುತ್ತೆ, ಸುಮ್ನೆ ಕಳೆದುಹೋಗೋ ಮಗು ಬೀಳಲ್ಲ.

ಇನ್ನೊಂದು ವಿಷಯ ಆವತ್ತು ಗೊತ್ತಾಯ್ತು, ಅದು ಈ ಡಬ್ಬಿಗೂ ಸಂಬಂಧಪಟ್ಟಿದ್ದು. ಗಮನ ನಿಲ್ಲದೇ ಇರೋದಕ್ಕೆ 9 ಲಕ್ಷಣದ ಒಂದು ಪಟ್ಟಿ, ಚಡಪಡಿಕೆ ಆತುರಕ್ಕೆ ಇನ್ನೊಂದು 9ರ ಪಟ್ಟಿ, ದೊಡ್ಡೋರಿಗೆ ಲಕ್ಷಣದ ಲೆಕ್ಕಕ್ಕೆ ಯಾವುದಾದ್ರೂ ಒಂದು ಪಟ್ಟೀಲಿ 5 ಇದ್ರೆ ಸಾಕು. ಅಂದ್ರೆ ನೀವೇ ಯೋಚ್ನೆ ಮಾಡಿ, ನನ್ ಐದಕ್ಕೂ ಇನ್ನೊಬ್ರ ಐದಕ್ಕೂ ಒಂದೇ ಒಂದು ಲಕ್ಷಣ ಹೊಂದಿದ್ರೂ ಇಬ್ರಿಗೂ ಚೀಟೀಲಿ ಒಂದೇ ಹೆಸರು, ಪಟ್ಟಿನೇ ಬೇರೆ ಆದ್ರೆ ಆ ಒಂದೂ ಹೊಂದದೇ ಇರಬಹುದು. ಹಂಗಿದ್ಮೇಲೆ ಎಡಿಎಚ್‌ಡಿ ಇರೋರಿಗೆಲ್ಲ ಇದೊಂದೇ ಸಾಕು ಅಂತ ಒಂದು ಪ್ಲಾನರ್ ಮಾಡಿ ಕೊಟ್ರೆ ಹೆಂಗೆ ಸರಿಹೋಗುತ್ತೆ?

ನಾನು ಮೊದ್ಲು ಬಳಸಿದ್ದೆಲ್ಲ ಆ ತರದ್ದೇ. ಒಂದು ಆಪ್, ಹೆಸರು ಬೇಡ, ದಿನಾ ಮಾಡಿದ್ರೆ ಎಷ್ಟು ದಿನ ಆಯ್ತು ಅಂತ ಎಣಿಸ್ತಾ ಹೋಗೋದು. 41 ದಿನ ಬಿಡದೇ ಮಾಡ್ದೆ, 42ನೇ ದಿನ ಗುಬ್ಬೀಲಿ ದೊಡ್ಡಪ್ಪನ ತಿಥಿ, ಇಡೀ ದಿನ ಅಡಿಗೆ ಮನೇಲೇ ಇದ್ದೆ, ರಾತ್ರಿ ಬಂದು ನೋಡಿದ್ರೆ ಸೊನ್ನೆ. ಆ ಸೊನ್ನೆ ನೋಡಿದ್ಮೇಲೆ ಮತ್ತೆ ಅದನ್ನ ತೆಗೀಲೇ ಇಲ್ಲ. ಡೈರಿ ತಗೊಂಡ್ರೆ ಜನವರಿ 19ರ ತನಕ ತುಂಬಿರೋದು, ಆಮೇಲೆ ಖಾಲಿ, ಮಾರ್ಚಲ್ಲಿ ಮತ್ತೆ ಬರೀಬೇಕು ಅನ್ಸಿದ್ರೆ ಮಧ್ಯದ ಆ ಖಾಲಿ ಹಾಳೆಗಳನ್ನ ದಾಟ್ಕೊಂಡು ಹೋಗ್ಬೇಕು, ಅದೇ ಆಗಲ್ಲ. ಮಾಡಿದೋರು ಕೆಟ್ಟೋರಲ್ಲ, ಆದ್ರೆ ದಿನಾ ಒಂದೇ ತರ ಏಳೋ ಮನುಷ್ಯನ್ನ ಮನಸ್ಸಲ್ಲಿಟ್ಕೊಂಡು ಮಾಡಿರ್ತಾರೆ.

ಈಗ ಡಬ್ಬಿ ವಿಷಯ. ಮಾಡೋ ಹುಡುಗಿ ಬೆಂಗಳೂರಲ್ಲಿ ಒಂದು ಕಡೆ ಡಿಸೈನ್ ಕೆಲಸಕ್ಕೆ ದಿನಾ ಟ್ರೈನಲ್ಲಿ ಓಡಾಡ್ತಿದ್ದೋಳು, ಈಗ ಅದನ್ನ ಬಿಟ್ಟು ಅಪ್ಪನ ಜೆರಾಕ್ಸ್ ಅಂಗಡೀಲೇ ಒಂದು ಮೂಲೆ ಮಾಡ್ಕೊಂಡಿದ್ದಾಳೆ. ಅವಳ ತಮ್ಮನಿಗೆ ಎಡಿಎಚ್‌ಡಿ. ಮೊದ್ಲು ಅವನಿಗೋಸ್ಕರ ಒಂದು ಚಾರ್ಟ್ ಮಾಡಿದ್ಲಂತೆ, ಬೆಳಗ್ಗೆ 5.30ರಿಂದ ರಾತ್ರಿ 10ರ ತನಕ ಅರ್ಧರ್ಧ ಗಂಟೆಗೆ ಒಂದೊಂದು ಬಣ್ಣ, ಲ್ಯಾಮಿನೇಷನ್ ಬೇರೆ. ಎರಡೇ ದಿನಕ್ಕೆ ಅವನು ಅದನ್ನ ಮಂಚದ ಕೆಳಗೆ ತಳ್ಳಿದ್ದ. ಅವಳಿಗೆ ಸಿಟ್ಟು ಬಂತು, ಎಷ್ಟು ಕಷ್ಟಪಟ್ಟು ಮಾಡಿದೀನಿ ಅಂತ ಕೂಗಾಡಿದ್ಲು, ಆಮೇಲೆ ಒಂದಿನ ಸಮಾಧಾನದಲ್ಲಿ ಕೇಳಿದ್ಲು, ಇದ್ರಲ್ಲಿ ನಿಂಗೆ ಏನು ಕಷ್ಟ ಆಯ್ತೋ ಅಂತ. ಅವನು ಹೇಳಿದ್ದು, ಅಕ್ಕ ನಾನು 5.30ಕ್ಕೆ ಎದ್ದಿಲ್ಲ ಅಂದ್ರೆ ಮೊದಲನೇ ಬಣ್ಣದಲ್ಲೇ ಫೇಲ್, ಆಮೇಲೆ ಉಳಿದಿದ್ದೆಲ್ಲ ಯಾಕೆ ನೋಡ್ಲಿ.

ಇದನ್ನ ಅವಳು ನಂಗೆ ಹೇಳುವಾಗ ಕಟಿಂಗ್ ಮಷೀನಲ್ಲಿ ಯಾರದ್ದೋ ಮದುವೆ ಕಾರ್ಡ್ ಕತ್ತರಿಸ್ತಾ ಇದ್ಲು. ಆವತ್ತಿಂದ ನಾನು ಮಾಡಿದ್ದು ಸರಿ ಅಂತ ಅಂದ್ಕೊಳ್ಳೋದು ಬಿಟ್ಟೆ ಅಕ್ಕ ಅಂದ್ಲು. ಕೌಂಟರ್ ಮೇಲೆ ಒಂದು ಲಾಂಗ್‌ಬುಕ್ ಇಟ್ಟಿದ್ದಾಳೆ, ದಾರ ಕಟ್ಟಿರೋ ಪೆನ್ನು, ರಟ್ಟಿನ ಮೇಲೆ ಒಂದೇ ಸಾಲು, ಯಾವುದು ಬಿಟ್ರಿ? ಚೆನ್ನಾಗಿದ್ಯಾ ಅಂತ ಕೇಳೋದೇ ಇಲ್ಲ. ಚೆನ್ನಾಗಿದ್ಯಾ ಅಂದ್ರೆ ನಮ್ ಜನ ಮುಖ ನೋಡಿ ಚೆನ್ನಾಗಿದೆ ಕಣಮ್ಮ ಅಂತಾರೆ, ಅಷ್ಟಕ್ಕೆ ಮುಗೀತು. ಯಾವುದು ಬಿಟ್ರಿ ಅಂದ್ರೆ ಉತ್ತರ ಹೇಳಲೇಬೇಕು. ಆ ಪುಸ್ತಕ ನಾನು ಓದಿದ್ದೀನಿ, ಓದೋಕೆ ಬಿಡ್ತಾಳೆ, ಹೆಸರಿಲ್ಲ ಅದ್ರಲ್ಲಿ. ಬರೀ ಬಿಟ್ಟಿದ್ದರ ಪಟ್ಟಿ, ಪುಟಗಟ್ಟಲೆ.

ಒಳಗೇನಿದೆ ಅಂತ ಹೇಳ್ತೀನಿ. ಮೂರು ತರ ಕಾರ್ಡ್, ಈಗ, ಆಮೇಲೆ, ತಲೇಲಿರೋದು. ತಲೇಲಿರೋದು ಅನ್ನೋ ಕಾರ್ಡಿಗೆ ಏನು ನೆನಪಾದ್ರೂ ಗೀಚಬಹುದು, ಕರೆಂಟ್ ಬಿಲ್, ಅತ್ತೆ ಕಣ್ಣಿನ ಡ್ರಾಪ್ಸ್, ಹೊರಪೇಟೆ ಅಂಗಡಿಯೋರಿಗೆ ಫೋನ್, ಒಂದು ಕ್ರಮ ಬೇಕಿಲ್ಲ. ಅದ್ರಿಂದ ಒಂದನ್ನ ಎತ್ತಿ ಈಗ ಕಾರ್ಡಿಗೆ ಬರ್ದು ಕ್ಲಿಪ್ಪಿಗೆ ಹಾಕೋದು. ಈಗ ಕಾರ್ಡ್ ಡಬ್ಬೀಲಿ ಒಂದೇ ಇರುತ್ತೆ, ಎರಡನೇದು ಕೇಳಿದ್ರೂ ಮೊದ್ಲ ಎರಡು ವಾರ ಕೊಡಲ್ಲ. ತಲೇಲಿ ಒಂದೇ ಸಲ ನಾಲ್ಕು ವಿಷಯ ಹಿಡ್ಕೊಳ್ಳೋಕೆ ನಮ್ಮಂಥೋರಿಗೆ ಕಷ್ಟ, ವರ್ಕಿಂಗ್ ಮೆಮೊರಿ ಅಂತಾರೆ ಅದನ್ನ, ಕೈಲಿದ್ದ ಕೀ ಎಲ್ಲಿಟ್ಟೆ ಅಂತ ಹುಡುಕೋದೂ ಅದೇ, ಅಡಿಗೆ ಮನೆಗೆ ಬಂದು ಯಾಕೆ ಬಂದೆ ಅಂತ ನಿಂತ್ಕೊಳ್ಳೋದೂ ಅದೇ. ಕಣ್ಣೆದುರಿಗೆ ಒಂದು ಕಾರ್ಡ್ ಇದ್ರೆ ತಲೆ ಅದನ್ನ ಹಿಡ್ಕೊಂಡಿರೋ ಶ್ರಮ ತಪ್ಪುತ್ತೆ.

ಪ್ರತಿ ಕಾರ್ಡಿನ ಮೂಲೇಲಿ ಐದು ಚಿಕ್ಕ ಮೆಣಸಿನಕಾಯಿ ಚಿತ್ರ ಇದೆ. ಆ ಕೆಲಸ ಇವತ್ತು ನಂಗೆ ಎಷ್ಟು ಖಾರ ಅನ್ಸುತ್ತೋ ಅಷ್ಟಕ್ಕೆ ಪೆನ್ಸಿಲಲ್ಲಿ ಗುರುತು ಹಾಕೋದು. ಗಾಬ್ಲಿನ್ ಟೂಲ್ಸ್ ಅಂತ ಒಂದು ವೆಬ್‌ಸೈಟ್ ಇದೆ, ಅದ್ರಲ್ಲಿ ಮ್ಯಾಜಿಕ್ ಟುಡೂ ಅನ್ನೋದ್ರಲ್ಲಿ ಒಂದು ಕೆಲಸ ಟೈಪ್ ಮಾಡಿ ಎಷ್ಟು ಮೆಣಸಿನಕಾಯಿ ಅಂತ ಹೇಳಿದ್ರೆ, ಖಾರ ಜಾಸ್ತಿ ಇದ್ದಷ್ಟೂ ಅದು ಕೆಲಸಾನ ಚಿಕ್ಕ ಚಿಕ್ಕ ಚೂರು ಮಾಡಿ ಕೊಡುತ್ತೆ, ತುಂಬಾ ಒಳ್ಳೇ ಯೋಚನೆ ಅದು. ಇವಳು ಅಲ್ಲಿಂದಾನೇ ತಗೊಂಡೆ ಅಂತ ಮುಚ್ಚುಮರೆ ಇಲ್ದೆ ಹೇಳ್ತಾಳೆ. ನಂಗೆ ಇದ್ರಲ್ಲಿ ಹಿಡಿಸಿದ್ದು ಏನಂದ್ರೆ ಖಾರ ಹೇಳೋದು ನಾನು. ಅತ್ತೆಗೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಹಾಕ್ಸೋದು ಒಂದು ಮೆಣಸಿನಕಾಯಿನೂ ಅಲ್ಲ, ನಂಗೆ ನಾಲ್ಕು. ಅದೇ ಕೆಲಸ ಹೋದ ತಿಂಗಳು ನಂಗೇ ಎರಡಿತ್ತು. ಇಷ್ಟು ಚಿಕ್ಕ ಕೆಲಸಕ್ಕೆ ಏನಮ್ಮ ಅಂತ ಕಾರ್ಡ್ ಕೇಳಲ್ಲ.

ಒಂದು ದಿನದ್ದು ಹೇಳ್ತೀನಿ, ಹೋದ ತಿಂಗಳು 18. ಮಂಡಿಪೇಟೆ ಒಂದು ಕೊಬ್ಬರಿ ಎಣ್ಣೆ ಅಂಗಡಿದು 3ಬಿ, ಖಾರ ಐದಕ್ಕೆ ಐದು. ಕಾರ್ಡ್ ಹಿಂದೆ ಖಾಲಿ ಸಾಲುಗಳಿವೆ, ಅಲ್ಲಿ ಬರ್ಕೊಂಡೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕು. ವಾಟ್ಸಪ್ಪಲ್ಲಿ ಬಂದಿರೋ ಬಿಲ್ ಫೋಟೋ ಒಂದು ಫೋಲ್ಡರಿಗೆ ಹಾಕು. ಪೋರ್ಟಲಲ್ಲಿ 2ಬಿ, ಅಂದ್ರೆ ಖರೀದಿ ಬಿಲ್ಲುಗಳ ಪಟ್ಟಿ, ಇಳಿಸ್ಕೋ. ಅಲ್ಲಿಗೆ ನಿಲ್ಸು. ಈ ಅಲ್ಲಿಗೆ ನಿಲ್ಸು ಅನ್ನೋದೇ ಮುಖ್ಯ, ಯಾಕಂದ್ರೆ ಪೂರ್ತಿ ಮುಗಿಸ್ಬೇಕು ಅಂದ್ರೆ ನಾನು ಶುರು ಮಾಡಲ್ಲ. ಚಾರ್ಜಿಗೆ ಹಾಕ್ದೆ, ಗೀಟು ಎಳ್ದೆ. ಫೋಟೋ ಹಾಕ್ದೆ, ಗೀಟು. 2ಬಿ ಇಳಿಸಿದ್ಮೇಲೆ ಕೈ ನಿಲ್ಲಲಿಲ್ಲ, ಅಲ್ಲೇ ಕೂತು ಹೊಂದಾಣಿಕೆ ಮಾಡಿ ಟ್ಯಾಕ್ಸ್ ಲೆಕ್ಕ ಹಾಕಿ ಚಲನ್ ತನಕ ಬಂದ್ಬಿಟ್ಟೆ. ಒಲೆ ಮೇಲೆ ಅನ್ನಕ್ಕಿಟ್ಟಿದ್ದು ಅತ್ತೆ ಇಳಿಸಿದ್ರು, ಏನಮ್ಮ ಇವತ್ತು ಎದ್ದೇಳಂಗೇ ಕಾಣಲ್ಲ ಅಂದ್ರು, ಅವರ ದನೀಲಿ ಬೇಜಾರಿರ್ಲಿಲ್ಲ, ಖುಷಿ ಇತ್ತು.

ಆಮೇಲೆ ಸಿಕ್ಕಾಕ್ಕೊಂಡಿದ್ದು ಓಟಿಪಿಗೆ. ಫೈಲ್ ಮಾಡೋ ಓಟಿಪಿ ಅಂಗಡಿ ಮಾಲೀಕರ ಫೋನಿಗೆ ಹೋಗುತ್ತೆ, ಅವರು ತಿಪಟೂರು ಸಂತೇಲಿ ಕೊಬ್ಬರಿ ಹರಾಜಲ್ಲಿದ್ರು, ಫೋನ್ ಎತ್ತಲಿಲ್ಲ. ಮುಂಚೆ ಆಗಿದ್ರೆ ಆ ಕೆಲಸ ಅಲ್ಲೇ ಸತ್ತಂಗೆ, ಅವರು ವಾಪಸ್ ಫೋನ್ ಮಾಡೋ ಹೊತ್ತಿಗೆ ನಾನು ಎಲ್ಲೋ ಇರ್ತಿದ್ದೆ. ಈ ತೊಂದರೆ ನಾನು ಮೂರನೇ ತಿಂಗಳಲ್ಲೇ ಲಾಂಗ್‌ಬುಕ್ಕಲ್ಲಿ ಬರ್ದಿದ್ದೆ, ಈಗ ಕಾರ್ಡಲ್ಲಿ ಕೂತಿರೋ ಕೆಲಸ ನನ್ ಕೈಲಿಲ್ಲ, ಬೇರೆಯೋರ ಕೈಲಿದೆ, ಅದನ್ನ ಎಲ್ಲಿಡ್ಲಿ ಅಂತ. ಹತ್ತು ದಿನ ಬಿಟ್ಟು ಹೋದಾಗ ನೀಲಿ ಅಂಚಿನ ನಾಲ್ಕು ಹೊಸ ಕಾರ್ಡ್ ಕೈಗಿಟ್ಲು, ಮೇಲೆ ಬೇರೆಯವರ ಕೈಲಿ ಅಂತ ಪ್ರಿಂಟು, ಕೆಳಗೆ ಯಾರು, ಮತ್ತೆ ಯಾವಾಗ ಕೇಳ್ಲಿ ಅನ್ನೋ ಎರಡೇ ಸಾಲು. ಕೊಬ್ಬರಿ ಎಣ್ಣೆಯೋರು ಆ ನೀಲಿ ಕಾರ್ಡಿಗೆ ಹೋದ್ರು, ಸಾಯಂಕಾಲ 6 ಅಂತ ಬರ್ದೆ, 6.10ಕ್ಕೆ ಫೈಲ್ ಆಯ್ತು. 18ನೇ ತಾರೀಖಿಗೇ. ಈಗ ಆ ನೀಲಿ ಕಾರ್ಡ್ ಎಲ್ಲರ ಡಬ್ಬಿಗೂ ಹೋಗ್ತಿದೆಯಂತೆ, ಒಬ್ರು ಟೀಚರ್‌ಗೆ ಮಾತ್ರ ಅದು ಬೇಡ ಅನ್ನಿಸ್ತಂತೆ, ಅವರಿಗೆ ತೆಗೆದು ಕೊಡ್ತಾಳೆ.

ಈ ತೆಗೆದು ಕೊಡೋದು, ಸೇರಿಸಿ ಕೊಡೋದು ನೋಡಿ, ಅಲ್ಲೇ ಇರೋದು ಇದರ ಬೆಲೆ. ಒಬ್ಬ ವರ್ತಕರ ಮಗ ಡಬ್ಬಿ ಟೇಬಲ್ ಮೇಲಿದ್ರೆ ನಾನು ಅಂಗಡೀಲಿ ನಿಂತಿರ್ತೀನಲ್ಲ ಅಂದಿದ್ದಕ್ಕೆ ಅವನ ಕಾರ್ಡನ್ನ ಶರ್ಟ್ ಜೇಬಿಗೆ ಸರಿಯಾಗಿ ಕತ್ತರಿಸಿ ಕೊಟ್ಲು. ಪಿಯುಸಿ ಓದೋ ಹುಡುಗಿ ಒಬ್ಳಿಗೆ ಉಲ್ಟಾ, ಡಬ್ಬೀಲಿ ಮುಚ್ಚಿಟ್ಟಿದ್ದು ಅವಳ ಪಾಲಿಗೆ ಇಲ್ಲವೇ ಇಲ್ಲ, ಎಲ್ಲಾ ಕಣ್ಣಿಗೆ ಕಾಣ್ಬೇಕು, ಅವಳಿಗೆ ಕಾರ್ಡಿಗೆ ತೂತು ಹೊಡೆದು ಬಟ್ಟೆ ಒಣಗಾಕೋ ತರ ದಾರಕ್ಕೆ ನೇತಾಕೋ ಹಂಗೆ ಮಾಡಿದ್ದಾಳೆ. ಎಲ್ಲಾ ಕಂಡ್ರೆ ನಂಗೆ ಉಸಿರು ಕಟ್ಟುತ್ತೆ, ಒಂದೇ ಕಂಡ್ರೆ ಅವಳಿಗೆ ಉಳಿದಿದ್ದು ಮರೆತುಹೋಗುತ್ತೆ. ಇಬ್ರಲ್ಲಿ ಯಾರದ್ದೂ ತಪ್ಪಲ್ಲ.

ಟೈಮರ್ ವಿಷಯಾನೂ ಹಂಗೇ. ಪೊಮೊಡೊರೊ ಅಂತ 25 ನಿಮಿಷ ಕೆಲಸ 5 ನಿಮಿಷ ಬಿಡುವು ಅನ್ನೋದನ್ನ 1980ರ ದಶಕದ ಕೊನೇಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನೋರು ಓದೋ ಕಾಲದಲ್ಲಿ ಟೊಮೇಟೊ ಆಕಾರದ ಅಡಿಗೆ ಟೈಮರ್ ಇಟ್ಕೊಂಡು ತಮಗೋಸ್ಕರ ಶುರು ಮಾಡಿದ್ದು. ಅವರಿಗೆ 25 ಹೊಂದ್ತು, ಈಗ ಪ್ರಪಂಚದಲ್ಲಿರೋ ಎಲ್ಲಾ ಟೈಮರಲ್ಲೂ 25. ನಂಗೆ ಕೆಲಸದ ಒಳಗೆ ಇಳಿಯೋಕೇ 20 ನಿಮಿಷ ಬೇಕು, ಇಳಿದು ಕೈ ಆಡೋ ಹೊತ್ತಿಗೆ ಗಂಟೆ ಹೊಡೆದ್ರೆ ಎದ್ದೋಳು ವಾಪಸ್ ಕೂರಲ್ಲ. ಆ ಪಿಯುಸಿ ಹುಡುಗಿಗೆ 8 ನಿಮಿಷಕ್ಕೇ ಮೈ ಚಡಪಡಿಕೆ. ಟೀಚರ್‌ಗಂತೂ ಗಡಿಯಾರ ಟಿಕ್ ಟಿಕ್ ಅಂದ್ರೇನೇ ಎದೆ ಹೊಡ್ಕೊಳ್ಳುತ್ತೆ, ಅವರು ಎರಡು ಹಾಡು ಮುಗಿಯೋ ತನಕ ಅಂತ ಬರ್ಕೊಂತಾರೆ. ಡಬ್ಬಿ ಮಾಡೋ ಹುಡುಗಿ ಮೊದಲನೇ ಸಲ 25 ಅಂತಾನೇ ಪ್ರಿಂಟ್ ಹಾಕಿಸಿದ್ಲು, ಈಗ ಅಲ್ಲಿ ಎಲ್ಲೀವರೆಗೆ ಅಂತ ಒಂದು ಪದ, ಮುಂದೆ ಖಾಲಿ. ನಾನು ಕುಕ್ಕರ್ 3 ವಿಷಲ್ ಅಂತ ಬರೆದಿದ್ದೂ ಉಂಟು.

ಆದ್ರೆ ಖಾಲಿ ಬಿಟ್ಟಿದ್ದೆಲ್ಲ ಒಳ್ಳೇದು ಅಂತ ಅಂದ್ಕೋಬೇಡಿ. ನನಗೂ ಅವಳಿಗೂ ಒಂದು ಸಲ ಜೋರಾಗಿ ಚರ್ಚೆ ಆಗಿದ್ದು ಇದೇ ವಿಷಯಕ್ಕೆ. ನಾಲ್ಕನೇ ತಿಂಗಳಲ್ಲಿ ಅವಳು ಎಲ್ಲರ ಮಾತೂ ಕೇಳಿ ಕೇಳಿ, ಹಂಗಾದ್ರೆ ಏನೂ ಪ್ರಿಂಟ್ ಮಾಡೋದೇ ಬೇಡ, ಅವರವರೇ ಬರ್ಕೊಳ್ಳಲಿ ಅಂತ 60 ಖಾಲಿ ಕಾರ್ಡ್, ಆರು ಬಣ್ಣ, ಸ್ಟಿಕರ್ ಹಾಕಿ ಕೊಟ್ಲು. ನಾನು ಒಂದು ಭಾನುವಾರ ಬೆಳಗ್ಗೆ 10ಕ್ಕೆ ಕೂತೋಳು ಸಾಯಂಕಾಲ 5ರ ತನಕ ಯಾವ ಬಣ್ಣಕ್ಕೆ ಯಾವ ಅಂಗಡಿ, ಯಾವ ಸ್ಟಿಕರಿಗೆ ಯಾವ ಅರ್ಥ ಅಂತ ಜೋಡಿಸ್ತಾನೇ ಇದ್ದೆ, ಊಟ ಕೂಡ ಅಲ್ಲೇ. ಒಂದು ಸಲ ಮನಸ್ಸು ಒಂದ್ರೊಳಗೆ ಬಿದ್ರೆ ಹೊರಗೆ ಬರೋಕಾಗದೇ ಇರೋದೂ ಎಡಿಎಚ್‌ಡೀಲಿ ಇದೆ, ಹೈಪರ್‌ಫೋಕಸ್ ಅಂತಾರೆ. ಕಾರ್ಡು ರಂಗೋಲಿ ತರ ಚೆನ್ನಾಗಿ ಕಂಡ್ವು. ಸೋಮವಾರ ಅವುಗಳಲ್ಲಿ ಒಂದು ಕೆಲಸಾನೂ ಮಾಡ್ಲಿಲ್ಲ, ಯಾಕಂದ್ರೆ ಹೊಸದು ಅನ್ನೋ ರುಚಿ ಭಾನುವಾರಾನೇ ಮುಗಿದೋಗಿತ್ತು.

ಅದನ್ನ ಹೋಗಿ ಹೇಳ್ದೆ. ಅವಳು ಮುಖ ಸಣ್ಣ ಮಾಡ್ಕೊಂಡ್ಲು, ಸುಳ್ಳು ಹೇಳಲ್ಲ, ಅಷ್ಟು ಕೆಲಸ ಹಾಕಿದ್ಲು ಅದಕ್ಕೆ. ಸ್ವಲ್ಪ ಹೊತ್ತು ಬಿಟ್ಟು ಅಂದ್ಲು, ಖಾಲಿನೇ ಬೇಕು ಅಂತ ಕುಣಿದೋರೂ ಇದ್ದಾರೆ ಅಕ್ಕ, ನಿಮಗೆ ಖಾಲಿ ಆಗಲ್ಲ, ಇಬ್ರಿಗೂ ಆಗೋ ಹಂಗೆ ಹೆಂಗ್ ಮಾಡ್ಲಿ? ನಂಗೂ ಗೊತ್ತಾಗ್ಲಿಲ್ಲ. ಎರಡು ವಾರ ಆದ್ಮೇಲೆ ಅವಳು ಹುಡುಕಿದ ದಾರಿ ನೋಡಿ. ಕಾರ್ಡಲ್ಲಿ ಈಗ ಎಲ್ಲಾ ಪ್ರಿಂಟ್ ಇದೆ, ಆದ್ರೆ ತೆಳುವಾದ ಬೂದು ಬಣ್ಣದಲ್ಲಿ, ಇದೆಯೋ ಇಲ್ವೋ ಅನ್ನೋ ಹಂಗೆ. ದಾರಿ ಬೇಕಾದೋರಿಗೆ ಕಾಣುತ್ತೆ, ಬೇಡದೋರು ಅದರ ಮೇಲೇನೇ ಪೆನ್ಸಿಲಲ್ಲಿ ಬೇರೆ ಬರೀಬಹುದು, ಅಡ್ಡ ಬರಲ್ಲ. ಮೊದ್ಲು ಕೈಗೆ ಸಿಗೋದು ಐದೇ ಕಾರ್ಡು. ಉಳಿದ ಬಣ್ಣ, ಸ್ಟಿಕರ್, ಖಾಲಿ ಕಾರ್ಡ್ ಎಲ್ಲಾ ಲಕೋಟೆ ಒಳಗೆ, ಲಕೋಟೆ ಮೇಲೆ ಎರಡು ವಾರ ಆದ್ಮೇಲೆ ತೆಗೀರಿ ಅಂತ ಇದೆ. ತೆಗೀದಿದ್ರೂ ನಡೆಯುತ್ತೆ. ನಾನು ಈಗಲೂ ಅರ್ಧ ಲಕೋಟೆ ಮುಟ್ಟಿಲ್ಲ.

ಹೊಂದ್ಕೊಳ್ಳೋ ತರ ಇರ್ಬೇಕು ಅಂತ ಹೇಳೋದು ಸುಲಭ, ಎಷ್ಟು ಬಿಡ್ಬೇಕು ಎಷ್ಟು ಹಿಡೀಬೇಕು ಅನ್ನೋದು ಕಷ್ಟ. ಅವಳು ಅದನ್ನ ತಾನೇ ಕೂತು ತೀರ್ಮಾನ ಮಾಡ್ಲಿಲ್ಲ, ನಮ್ಮನ್ನ ಕೇಳಿ, ಒಂದು ಸಲ ತಪ್ಪಾಗಿ ಮಾಡಿ, ಮತ್ತೆ ಕೇಳಿ ಕಂಡ್ಕೊಂಡ್ಲು, ಅದಕ್ಕೇ ನಂಗೆ ಅವಳ ಮೇಲೆ ಇಷ್ಟೊಂದು ಗೌರವ. ಬುಲೆಟ್ ಜರ್ನಲ್ ಅಂತ ಕೆಲಸ ಬರ್ಕೊಳ್ಳೋ ಒಂದು ಪದ್ಧತಿ ಇದೆಯಲ್ಲ, ಅದನ್ನ ಮಾಡಿದ ರೈಡರ್ ಕ್ಯಾರಲ್ ಅವರಿಗೇ ಚಿಕ್ಕವಯಸ್ಸಲ್ಲಿ ಎಡಿಡಿ (ಎಡಿಎಚ್‌ಡಿಯ ಹಳೇ ಹೆಸರು) ಅಂತ ಗೊತ್ತಾಗಿತ್ತು, ಬರೀ ಒಂದು ನೋಟ್‌ಬುಕ್ಕು ಪೆನ್ನಲ್ಲಿ ತಮ್ಮ ತಲೆಗೆ ಹೊಂದೋ ದಾರಿ ಮಾಡ್ಕೊಂಡು 2013ರಲ್ಲಿ ಎಲ್ಲರಿಗೂ ಹಂಚಿದ್ರು. ಇವಳಿಗೆ ಎಡಿಎಚ್‌ಡಿ ಇಲ್ಲ. ತನಗಿಲ್ದೇ ಇರೋದನ್ನ ಮಾಡ್ತಿದ್ದೀನಿ ಅನ್ನೋ ಎಚ್ಚರ ಅವಳಿಗೆ ಯಾವಾಗ್ಲೂ ಇದೆ, ಅದಕ್ಕೇ ಕೇಳ್ತಾಳೆ.

ಈಗ ನಂಗೆ ತುಂಬಾ ಮುಖ್ಯ ಆಗಿದ್ದು. ಐದನೇ ತಿಂಗಳಲ್ಲಿ ಮಾವನಿಗೆ ಹುಷಾರಿಲ್ದೆ ಆಸ್ಪತ್ರೆ, ಮನೆ, ಆಸ್ಪತ್ರೆ ಅಂತ ಏಳು ವಾರ ಡಬ್ಬಿ ಮುಟ್ಟಲಿಲ್ಲ. ಬೀರು ಮೇಲೆ ಧೂಳು ಹಿಡೀತು. ಆ ಕಡೆ ನೋಡೋಕೂ ಒಂತರ ಆಗ್ತಿತ್ತು, ಇದೂ ಹೋಯ್ತು, ಆ ಡೈರಿ ತರಾನೇ ಅಂತ. ಒಂದಿನ ಮಧ್ಯಾಹ್ನ ತೆಗೆದೆ. ಎಲ್ಲಾ ಕಾರ್ಡಿನ ಹಿಂದೆ, ತಳದಲ್ಲಿ, ನಾನು ಅಲ್ಲೀತನಕ ನೋಡದೇ ಇದ್ದ ಒಂದು ಕಾರ್ಡ್ ಇತ್ತು. ಬಿಟ್ಟು ಬಂದ್ರಾ? ಹಳೇದನ್ನೆಲ್ಲ ಓದದೇ ಲಕೋಟೆಗೆ ಹಾಕಿ. ಒಂದು ಹೊಸ ಕಾರ್ಡ್ ತಗೊಳ್ಳಿ. ಅಷ್ಟೇ ಬರೆದಿರೋದು. ಕಣ್ಣು ತುಂಬ್ಕೊಂತು ನಂಗೆ. ಇಷ್ಟು ವರ್ಷ ನಾನು ಮುಟ್ಟಿದ ಒಂದು ವಸ್ತುವೂ ನಾನು ಬಿಡ್ತೀನಿ ಅಂತ ಮೊದ್ಲೇ ಅಂದ್ಕೊಂಡು ಜಾಗ ಮಾಡಿಟ್ಟಿರ್ಲಿಲ್ಲ. ದಿನಾಂಕ ಯಾವ ಕಾರ್ಡಲ್ಲೂ ಇಲ್ಲ, ಎಣಿಕೆ ಇಲ್ಲ, ಹಂಗಾಗಿ ಆ ಏಳು ವಾರ ಎಲ್ಲೂ ಗುರುತಾಗಿ ಉಳಿದಿಲ್ಲ. ಆವತ್ತು ಬರೆದ ಕಾರ್ಡ್, ಮೊಸರಿಗೆ ಹೆಪ್ಪು ಹಾಕು. ಮಾರನೇ ದಿನ ಒಂದು ಜಿಎಸ್‌ಟಿಆರ್-1.

ಲೇಟ್ ಫೀ ಲೆಕ್ಕ ಕೇಳ್ತೀರ ಅಂತ ಗೊತ್ತು. ಈ 8 ತಿಂಗಳಲ್ಲಿ ಎರಡು ಸಲ ಕಟ್ಟಿದ್ದೀನಿ, ಎರಡೂ ಆ ಆಸ್ಪತ್ರೆ ಟೈಮಲ್ಲಿ. ಮುಂಚೆ ತಿಂಗಳಿಗೆ ಮೂರು ನಾಲ್ಕು ಅಂಗಡಿದು ಕಟ್ತಿದ್ದೆ. ಪೂರ್ತಿ ಡಬ್ಬಿ ಕೆಲಸಾನೇ ಅಂತ ಹೇಳೋಕಾಗಲ್ಲ, ಮಾತ್ರೆನೂ ತಗೋತೀನಿ, ಡಾಕ್ಟರ್ ಹತ್ರ ಹೋಗೋದೂ ಬಿಟ್ಟಿಲ್ಲ. ಡಬ್ಬಿ ಔಷಧಿ ಅಲ್ಲ, ಅವಳೂ ಹಂಗೆ ಹೇಳಿ ಮಾರಲ್ಲ. ಯಾರಿಗಾದ್ರೂ ತಮಗೂ ಹಿಂಗೇ ಇದ್ಯೇನೋ ಅನ್ಸಿದ್ರೆ ಮೊದ್ಲು ಡಾಕ್ಟರ್, ಎಲ್ಲಿ ಹೋಗೋದು ಅಂತ ಗೊತ್ತಾಗದಿದ್ರೆ 14416, ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕುಂದುಕೊರತೆನೂ ಹೇಳ್ಬೇಕು. ಮೊದಲ ಡಬ್ಬಿ ಕಾರ್ಡ್ 300 ಜಿಎಸ್‌ಎಂ ಆರ್ಟ್ ಕಾರ್ಡು, ಹೊಳಪಿನದ್ದು, ಪೆನ್ಸಿಲ್ ಹಿಡೀತಿರ್ಲಿಲ್ಲ, ಜೆಲ್ ಪೆನ್ನಲ್ಲಿ ಬರೆದ್ರೆ ಅಂಗೈಗೆಲ್ಲ ಮೆತ್ಕೊಳ್ಳೋದು, ಈಗ ಹೊಳಪಿಲ್ದಿರೋದಕ್ಕೆ ಬದಲಾಯಿಸಿದ್ದಾಳೆ, ಆದ್ರೆ ಅದು ನೀರು ತಾಗಿದ್ರೆ ಉಬ್ಬುತ್ತೆ, ಅಡಿಗೆ ಮನೇಲಿ ಇಡೋರು ನೋಡ್ಕೊಳ್ಳಿ. ಮ್ಯಾಗ್ನೆಟ್ ಕ್ಲಿಪ್ ದುರ್ಬಲ, ಬೀರು ಬಾಗಿಲು ಜೋರಾಗಿ ಹಾಕಿದ್ರೆ ಕಾರ್ಡ್ ಸಮೇತ ಬಿದ್ದೋಗುತ್ತೆ, ನಾನು ಬೇರೆ ಮ್ಯಾಗ್ನೆಟ್ ತಂದು ಹಾಕ್ಕೊಂಡೆ. ಒಂದು ಬ್ಯಾಚಲ್ಲಿ ಫಾಂಟ್ ಕೆಟ್ಟು ಒತ್ತಕ್ಷರ ಬಿಟ್ಟೋಗಿತ್ತು, ಅದನ್ನ ವಾಪಸ್ ತಗೊಂಡು ಹೊಸದು ಕೊಟ್ಲು. ಸಮಯ ನೆನಪಿಸೋ ಶಕ್ತಿ ಇದಕ್ಕಿಲ್ಲ. ಈಗಿಂದ ಇನ್ನೊಂದು ಗಂಟೆ ಅನ್ನೋದು ನಮ್ಮಂಥೋರಿಗೆ ಮೈಗೆ ಗೊತ್ತಾಗಲ್ಲ, ಅದಕ್ಕೆ ಫೋನಲ್ಲಿ ಅಲಾರಾಂ ಇಟ್ಕೊಳ್ಳಲೇಬೇಕು. ಫೋನಿಗೆ ಜೋಡಿಸೋ ತರ ಏನಾದ್ರೂ ಮಾಡು ಅಂತ ನಾನು ಹೇಳ್ತಾನೇ ಇದ್ದೀನಿ, ಫೋನ್ ತೆಗೆದ್ರೆ ನೀವು ವಾಪಸ್ ಬರ್ತೀರ ಅಕ್ಕ ಅಂತ ಕೇಳ್ತಾಳೆ. ಇದೊಂದ್ರಲ್ಲಿ ಅವಳು ಇನ್ನೂ ಸ್ವಲ್ಪ ಬಗ್ಗಬೇಕು ಅನ್ನೋದು ನನ್ನ ಅಭಿಪ್ರಾಯ, ಫೋನೇ ಸರಿಹೋಗೋ ಜನ ಇದ್ದಾರೆ. ಪಾವಗಡದಿಂದ ಬಂದ ಒಬ್ರು ತೆಲುಗಲ್ಲಿ ಕೇಳಿದಾಗ ಮಾಡ್ಕೊಟ್ಟೋಳು ಇದನ್ನೂ ಒಂದಿನ ಮಾಡಬಹುದು.

ಡಬ್ಬಿ ಜೊತೆ ಇನ್ನೊಂದು ಇದೆ, ಅದಕ್ಕೆ ದುಡ್ಡು ತಗೊಳ್ಳಲ್ಲ. ಶನಿವಾರ 4ರಿಂದ 6 ಅಂಗಡಿ ಹಿಂದಿನ ರೂಮಲ್ಲಿ ಒಂದು ಉದ್ದನೆ ಟೇಬಲ್, ಆರು ಕುರ್ಚಿ. ಯಾರು ಬೇಕಾದ್ರೂ ತಮ್ಮ ಕೆಲಸ ತಂದು ಕೂತು ಮಾಡಬಹುದು, ಮಾತಿಲ್ಲ. ಪಕ್ಕದಲ್ಲಿ ಇನ್ನೊಬ್ರು ಸುಮ್ನೆ ಕೂತಿದ್ರೆ ಸಾಕು, ನಮಗೆ ಕೆಲಸ ಸಾಗುತ್ತೆ, ಬಾಡಿ ಡಬ್ಲಿಂಗ್ ಅಂತಾರೆ, ಫೋಕಸ್‌ಮೇಟ್ ಅನ್ನೋ ಸೈಟಲ್ಲಿ ಪರಿಚಯ ಇಲ್ದೋರ ಜೊತೆ ವಿಡಿಯೋದಲ್ಲಿ ಇದನ್ನೇ ಮಾಡ್ತಾರೆ. ಚಿಕ್ಕೋಳಿದ್ದಾಗ ಅಜ್ಜಿ ಪಕ್ಕದಲ್ಲಿ ಹೂ ಕಟ್ಟುತ್ತಾ ಕೂತ್ರೆ ಮಾತ್ರ ನನ್ ಹೋಂವರ್ಕ್ ಆಗ್ತಿತ್ತು, ಅದು ಈಗ ಅರ್ಥ ಆಗುತ್ತೆ. ಜೆರಾಕ್ಸ್ ಮಷೀನ್ ಸದ್ದು ಒಂದೇ ಸಮ ಬರ್ತಿರುತ್ತೆ, ಆ ಪಿಯುಸಿ ಹುಡುಗಿ ಎದ್ದು ಎರಡು ಸುತ್ತು ಹೊಡೆದು ಮತ್ತೆ ಕೂರ್ತಾಳೆ, ಯಾರೂ ತಲೆ ಎತ್ತಿ ನೋಡಲ್ಲ.

ಕೊರಿಯರ್ ಮಾಡಲ್ಲ, ಬಂದೇ ತಗೋಬೇಕು, ಯಾಕಂದ್ರೆ 20 ನಿಮಿಷ ಕೂರಿಸ್ಕೊಂಡು ನಿಮ್ಮ ದಿನ ಹೆಂಗಿರುತ್ತೆ ಅಂತ ಕೇಳಿ ಆಮೇಲೆ ಕಾರ್ಡ್ ಜೋಡಿಸ್ತಾಳೆ. ಬೆಳಗ್ಗೆ 11ರ ಮೇಲೆ ಹೋಗಿ, ಅದಕ್ಕೆ ಮುಂಚೆ ಕಾಲೇಜು ಹುಡುಗರ ಜೆರಾಕ್ಸ್ ರಶ್ ಇರುತ್ತೆ. ಭಾನುವಾರ ರಜ. ಕೌಂಟರ್ ಮೇಲೆ ದಾರ ಕಟ್ಟಿರೋ ಪೆನ್ನು, ಲಾಂಗ್‌ಬುಕ್ ಕಂಡ್ರೆ ಅದೇ ಅಂಗಡಿ. ಹೋಗುವಾಗ ಅರ್ಧಕ್ಕೆ ಬಿಟ್ಟಿರೋ ಹಳೇ ಡೈರಿ, ಪ್ಲಾನರ್ ಏನಾದ್ರೂ ಮನೇಲಿದ್ರೆ ಮುಜುಗರ ಪಟ್ಕೊಳ್ಳದೇ ತಗೊಂಡೋಗಿ, ಅವಳು ಮೊದ್ಲು ಕೈಗೆ ತಗೊಂಡು ನೋಡೋದು ಅದನ್ನೇ, ಅದೂ ಬರೆದಿರೋ ಪುಟ ಅಲ್ಲ, ನಿಲ್ಸಿರೋ ಪುಟ.